ಕರಾವಳಿಯ ಮಳೆಗೆ ಯಾವ ಗೋಡೆ? ಬೈಹುಲ್ಲು, ಕೆಂಪುಕಲ್ಲು, ಮಣ್ಣು: ಒಂದು ಹೋಲಿಕೆ

ಬೈಹುಲ್ಲಿನ ಬೇಲ್‌ಗಳನ್ನು (ಯಂತ್ರದಲ್ಲಿ ಒತ್ತಿ ಬಿಗಿದ ಕಟ್ಟುಗಳನ್ನು) ಒಂದರ ಮೇಲೊಂದು ಪೇರಿಸಿ, ಎರಡೂ ಮಗ್ಗುಲಿಗೆ ಮಣ್ಣಿನ ಸಾರಣೆ ಮಾಡಿ ಮನೆ ಕಟ್ಟುವ ವಿಡಿಯೊಗಳನ್ನು ನೀವೂ ನೋಡಿರುತ್ತೀರಿ. ಆಸೆ ಹುಟ್ಟದೆ ಇರುವುದಿಲ್ಲ. ದಪ್ಪ ಗೋಡೆ, ದುಂಡಗಿನ ಮೂಲೆ, ಕಿಟಕಿಯಲ್ಲೇ ಕಾಲು ಚಾಚಿ ಕೂರುವಷ್ಟು ಜಾಗ. ಸಿಮೆಂಟು ಕಡಿಮೆ. ಬ್ರಹ್ಮಾವರದ ಆಚೆಯೋ ಮೂಡಬಿದಿರೆಯ ಕಡೆಯೋ ಹತ್ತು ಸೆಂಟ್ಸ್ ಜಾಗ ಮಾಡಿಟ್ಟವರು ಕೇಳುತ್ತಾರೆ: ನಮ್ಮಲ್ಲೂ ಇದು ಆಗುತ್ತದಾ?

ಆಗುತ್ತದೆ. ಆದರೆ ಇಡೀ ಮನೆಗೆ ಬೇಡ ಎನ್ನುವುದು ನನ್ನ ಅಭಿಪ್ರಾಯ. ಗೋಡೆಗೆ ಕೆಂಪುಕಲ್ಲು ಅಥವಾ ಒತ್ತಿದ ಮಣ್ಣಿನ ಬ್ಲಾಕ್, ಮೇಲೆ ಹಂಚಿನ ಮಾಡು. ಹುಲ್ಲಿನ ಆಸೆ ಬಿಡದಿದ್ದರೆ ಒಂದೇ ಒಂದು ಕೋಣೆ ಹುಲ್ಲಿನದು. ನಾನು ಈ ತೀರ್ಮಾನಕ್ಕೆ ಬರಲು ಮುಖ್ಯ ಕಾರಣ ಮಳೆ. ಬಿಸಿಲಿನ ಪಾಲೂ ಸ್ವಲ್ಪ ಇದೆ.

ಹುಲ್ಲಿನ ಗೋಡೆ ಶುರುವಾದದ್ದು 19ನೇ ಶತಮಾನದ ಕೊನೆಯಲ್ಲಿ, ಅಮೆರಿಕದ ನೆಬ್ರಾಸ್ಕಾದಲ್ಲಿ. ಅಲ್ಲಿನ ಮರಳುದಿಬ್ಬದ ಸೀಮೆಯಲ್ಲಿ ಮರ ಇಲ್ಲ, ಕಲ್ಲಿಲ್ಲ. ಹುಲ್ಲು ಬೇಕಾದಷ್ಟು ಇತ್ತು, ಅದನ್ನು ಒತ್ತಿ ಕಟ್ಟುವ ಯಂತ್ರ ಆಗಷ್ಟೇ ಬಂದಿತ್ತು. ಅಲ್ಲಿನ ಆರ್ಥರ್ ಎಂಬ ಊರಿನಲ್ಲಿ 1928ರಲ್ಲಿ ಹುಲ್ಲಿನ ಗೋಡೆಯ ಮೇಲೆಯೇ ಮಾಡು ಕೂರಿಸಿ ಕಟ್ಟಿದ ಚರ್ಚು ಇಂದಿಗೂ ನಿಂತಿದೆ. ಫ್ರಾನ್ಸಿನ ಮೊಂಟಾರ್ಜಿಯಲ್ಲಿ 1920ರ ಹುಲ್ಲಿನ ಮನೆಯೊಂದಿದೆ. ಹಾಗಾಗಿ ಹುಲ್ಲು ನೂರು ವರ್ಷ ಬಾಳುತ್ತದೆ ಎನ್ನುವುದು ಸುಳ್ಳಲ್ಲ. ಆದರೆ ಆರ್ಥರಿನಲ್ಲಿ ಇಡೀ ವರ್ಷಕ್ಕೆ ಬೀಳುವುದು ಹೆಚ್ಚುಕಡಿಮೆ 500 ಮಿಲಿಮೀಟರ್ ಮಳೆ. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000. ಇಲ್ಲಿ ಜುಲೈ ಒಂದೇ ತಿಂಗಳು 1,000 ದಾಟುತ್ತದೆ. ಆ ಚರ್ಚಿನ ಫೋಟೊ ತೋರಿಸಿ ಇಲ್ಲಿನ ಮೇಸ್ತ್ರಿಯನ್ನು ಒಪ್ಪಿಸಲು ಹೊರಟರೆ ಅವರು ನಗುವುದರಲ್ಲಿ ತಪ್ಪಿಲ್ಲ.

ಬಿಸಿಲು ಬೀಳುವುದು ಎಲ್ಲಿಗೆ?

ಹುಲ್ಲಿನ ದೊಡ್ಡ ಗುಣ ಶಾಖ ತಡೆಯುವುದು. ಸುಟ್ಟ ಇಟ್ಟಿಗೆಗೆ ಹೋಲಿಸಿದರೆ ಒತ್ತಿದ ಹುಲ್ಲು ಶಾಖವನ್ನು ಹತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ ದಾಟಿಸುತ್ತದೆ. ಗೋಡೆಯ ದಪ್ಪವೂ ದುಪ್ಪಟ್ಟು. ಹೊರಗೆ ಹಿಮ ಬಿದ್ದು ಒಳಗೆ ಬೆಂಕಿ ಕಾಯಿಸುವ ದೇಶದಲ್ಲಿ ಇದು ದೊಡ್ಡ ಉಳಿತಾಯ.

ನಮ್ಮಲ್ಲಿ ಲೆಕ್ಕ ಬೇರೆ. ಏಪ್ರಿಲಿನಲ್ಲಿ ಹಗಲು 33, 34 ಡಿಗ್ರಿ. ರಾತ್ರಿ 25ರ ಆಸುಪಾಸು. ಒಳಗೂ ಹೊರಗೂ ದೊಡ್ಡ ಅಂತರ ಇಲ್ಲದ ಕಡೆ ಗೋಡೆ ಎಷ್ಟು ದಪ್ಪ ಇದ್ದರೂ ಉಳಿಸುವುದು ಸ್ವಲ್ಪವೇ. ಇನ್ನೊಂದು ಸಂಗತಿ ಇದೆ. ಮಂಗಳೂರು, ಉಡುಪಿ ಇರುವುದು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದ ಮಧ್ಯಾಹ್ನ ಸೂರ್ಯ ನೆತ್ತಿಗೆ ನೇರ ಬರುತ್ತಾನೆ. ಸೆಕೆ ಜೋರಾಗಿರುವ ದಿನಗಳಲ್ಲಿ ಬಿಸಿಲು ಬೀಳುವುದು ಮಾಡಿನ ಮೇಲೆ. ಗೋಡೆಗಳಲ್ಲಿ ಪಡುವಣ ಗೋಡೆಗೆ ಮಾತ್ರ ಸಂಜೆ ಬಿಸಿಲು ಬಲವಾಗಿ ಬಡಿಯುತ್ತದೆ. ಗೋಡೆಗೆ ಅಷ್ಟೆಲ್ಲ ಖರ್ಚು ಮಾಡಿ ಮೇಲೆ ಬೋಳು ತಾರಸಿ ಹಾಕಿದವರ ಮನೆಯಲ್ಲಿ ರಾತ್ರಿ ಹತ್ತಕ್ಕೂ ಮಲಗಲಾಗುವುದಿಲ್ಲ. ಅದೇ ದುಡ್ಡನ್ನು ಮಾಡಿಗೆ ಹಾಕಿ: ಹಂಚು, ಅದರ ಕೆಳಗೆ ಮರದ ಹಲಗೆಯ ಅಟ್ಟ, ಬಿಸಿಗಾಳಿ ಹೊರಹೋಗಲು ಮೇಲೆ ಕಿಂಡಿ. ಎದುರುಬದುರು ಕಿಟಕಿ ಇಡಿ. ಬೆವರು ಆರಲು ಗಾಳಿ ಆಡಬೇಕು, ಅಲ್ವಾ?

ಹಾಗಾದರೆ ಹುಲ್ಲಿನ ಶಾಖ ತಡೆಯುವ ಗುಣ ಇಲ್ಲಿ ಪೂರ್ತಿ ದಂಡವೇ? ಅಲ್ಲ. ಏಸಿ ಹಾಕುವ ಕೋಣೆಗೆ ಅದು ನಿಜವಾಗಿಯೂ ಪ್ರಯೋಜನ. ಶಬ್ದವನ್ನೂ ಚೆನ್ನಾಗಿ ತಡೆಯುತ್ತದೆ. ಹಾಡು ರೆಕಾರ್ಡ್ ಮಾಡುವವರು, ಮನೆಯಿಂದಲೇ ಆಫೀಸು ಕೆಲಸ ಮಾಡುವವರು, ಹೈವೇ ಪಕ್ಕ ಜಾಗ ಇರುವವರು ಇದನ್ನು ಯೋಚಿಸಬಹುದು. ಒಂದು ಕೋಣೆ ಎಂದು ನಾನು ಹೇಳಿದ್ದು ಇದಕ್ಕೇ.

ತೇವದ ಲೆಕ್ಕ

ಹುಲ್ಲಿಗೆ ನೀರು ಸೋರಿದರೆ ಕೊಳೆಯುತ್ತದೆ, ಇದು ಎಲ್ಲರಿಗೂ ಗೊತ್ತು. ನಮ್ಮಲ್ಲಿ ಒಂದು ಹನಿ ಸೋರದಿದ್ದರೂ ತೊಂದರೆ ಇದೆ. ಹುಲ್ಲು ಸುತ್ತಲಿನ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಗಾಳಿಯಲ್ಲಿ ತೇವಾಂಶ 80% ದಾಟಿ ವಾರಗಟ್ಟಲೆ ಹಾಗೇ ಇದ್ದರೆ ಬೂಸ್ಟು ಹಿಡಿಯಲು ಅನುಕೂಲ. 90% ಹತ್ತಿರ ಹೋದರೆ ಹುಲ್ಲಿನೊಳಗಿನ ತೇವ ಅದರ ತೂಕದ 20% ಮುಟ್ಟುತ್ತದೆ. ಅಮೆರಿಕದ ಮನೆ ಕಟ್ಟುವ ನಿಯಮಾವಳಿಗೆ 2015ರಲ್ಲಿ ಹುಲ್ಲಿನ ಗೋಡೆಯ ಅನುಬಂಧವೊಂದು ಸೇರಿತು. ಅದರಲ್ಲೂ ಮೊದಲ ಸಾರಣೆ ಮಾಡುವಾಗ ಬೇಲ್‌ನಲ್ಲಿರುವ ತೇವಕ್ಕೆ ಮಿತಿ ಇದೇ 20%. ಮಂಗಳೂರಿನ ಜುಲೈ ತಿಂಗಳ ಸರಾಸರಿ ತೇವಾಂಶ 90%ರ ಹತ್ತಿರ. ಅಂದರೆ ಮಾಡು ಗಟ್ಟಿ, ಗೋಡೆ ಗಟ್ಟಿ, ಎಲ್ಲ ಸರಿ ಇದ್ದೂ ಹುಲ್ಲು ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಅಂಚಿನಲ್ಲೇ ನಿಂತಿರುತ್ತದೆ. ಮೇಲೊಂದಿಷ್ಟು ಸೋರಿದರೆ ಮುಗಿಯಿತು.

ನಮ್ಮ ಹಿರಿಯರಿಗೆ ಹುಲ್ಲಿನ ಸ್ವಭಾವ ಗೊತ್ತಿತ್ತು. ಅಕ್ಕಿಯನ್ನು ಬೈಹುಲ್ಲಿನಲ್ಲಿ ಬಿಗಿದು ಮುಡಿ ಕಟ್ಟಿದರು. ಮುಡಿಯನ್ನು ಇಟ್ಟದ್ದು ಅಟ್ಟದಲ್ಲಿ, ಒಲೆಯ ಬಿಸಿ ಮತ್ತು ಹೊಗೆ ತಾಗುವ ಕಡೆ. ಮುಳಿಹುಲ್ಲಿನ ಮಾಡನ್ನು ಆಗಾಗ ಹೊಸ ಹುಲ್ಲು ಹಾಕಿ ಹೊದೆಸಿದರು. ಮಣ್ಣಿನ ಗೋಡೆಗೆ ಮಳೆ ಹೊಡೆಯದ ಹಾಗೆ ಮಡಲಿನ ತಟ್ಟಿ ಕಟ್ಟಿದರು. ಹುಲ್ಲನ್ನು ಗೋಡೆಯೊಳಗೆ ಮುಚ್ಚಿಟ್ಟು ಐವತ್ತು ವರ್ಷ ತಿರುಗಿ ನೋಡದೆ ಇರುವ ಪದ್ಧತಿ ಇಲ್ಲಿ ಬೆಳೆಯಲಿಲ್ಲ.

ಬೆಂಕಿಯ ಭಯ ಮಾತ್ರ ಜನ ಅಂದುಕೊಂಡಷ್ಟು ಇಲ್ಲ. ಬಿಗಿಯಾಗಿ ಒತ್ತಿದ ಹುಲ್ಲಿನೊಳಗೆ ಗಾಳಿ ಆಡುವುದಿಲ್ಲ. ಅಮೆರಿಕದಲ್ಲಿ 2006ರಲ್ಲಿ ನಡೆದ ಪರೀಕ್ಷೆಗಳಲ್ಲಿ ಮಣ್ಣಿನ ಸಾರಣೆ ಮಾಡಿದ ಹುಲ್ಲಿನ ಗೋಡೆ ಒಂದು ಗಂಟೆ, ಸಿಮೆಂಟು-ಸುಣ್ಣದ ಸಾರಣೆಯದು ಎರಡು ಗಂಟೆ ಬೆಂಕಿ ತಡೆಯಿತು. ಅಪಾಯ ಇರುವುದು ಕಟ್ಟುವಾಗ. ಅಂಗಳ ತುಂಬ ಉದುರಿದ ಹುಲ್ಲು, ಪಕ್ಕದಲ್ಲಿ ವೆಲ್ಡಿಂಗ್ ಕೆಲಸ, ಬೀಡಿ ಸೇದುವ ಆಳುಗಳು. ದೀಪಾವಳಿಗೆ ಪಕ್ಕದ ಮನೆಯ ಮಕ್ಕಳು ಬಿಡುವ ರಾಕೆಟ್ಟನ್ನೂ ಲೆಕ್ಕಕ್ಕೆ ಹಿಡಿಯಿರಿ. ಇಲಿ, ಹೆಗ್ಗಣ, ಗೆದ್ದಲು ಬೇರೆ. ಸಾರಣೆಯಲ್ಲಿ ಒಂದು ಬಿರುಕು ಸಿಕ್ಕರೆ ಇಲಿಗೆ ಅದೇ ಬಾಗಿಲು.

ಕೆಂಪುಕಲ್ಲು

ಇಲ್ಲಿನ ಮೇಸ್ತ್ರಿಗಳಿಗೆ ಕೈ ಪಳಗಿದ ವಸ್ತು ಇದು. ಈ ಒಂದು ಕಾರಣವೇ ಅರ್ಧ ತೂಕ. ನೆಲದಿಂದ ಕೊಯ್ಯುವಾಗ ಮೆದು, ಗಾಳಿ ಬಿಸಿಲಿಗೆ ಇಟ್ಟರೆ ಗಟ್ಟಿ. 1800-01ರಲ್ಲಿ ಮಲಬಾರ್, ಕೆನರಾ ಸುತ್ತಿದ ಫ್ರಾನ್ಸಿಸ್ ಬುಕಾನನ್ ಕೂಡ ಈ ಗುಣವನ್ನು ಗಮನಿಸಿ ಬರೆದಿಟ್ಟಿದ್ದಾನೆ. ಕೊಯ್ದ ಕೂಡಲೇ ತಂದು ಕಟ್ಟುವ ಆತುರ ಬೇಡ.

ಎಲ್ಲ ಕೆಂಪುಕಲ್ಲೂ ಒಂದೇ ಅಲ್ಲ. ಕೋರೆಯಲ್ಲಿ ಮೇಲಿನ ಪದರ ಗಟ್ಟಿ. ಆಳಕ್ಕೆ ಹೋದ ಹಾಗೆ ಕಲ್ಲು ಮೆದುವಾಗುತ್ತಾ ಕೊನೆಗೆ ಶೇಡಿ ಮಣ್ಣು ಸಿಗುತ್ತದೆ. ಬಿಳಿ ಅಥವಾ ಹಳದಿ ಮಣ್ಣಿನ ಕಣ್ಣುಗಳು ತುಂಬಿದ ಕಲ್ಲು ಬಂದರೆ ಲಾರಿಯಿಂದ ಇಳಿಸುವ ಮೊದಲೇ ಬೇಡ ಎನ್ನಿ. ಐಎಸ್ 3620 ಎಂಬ ಮಾನದಂಡದ ಪ್ರಕಾರ ಗೋಡೆಯ ಕಲ್ಲು ತನ್ನ ತೂಕದ 12%ಗಿಂತ ಜಾಸ್ತಿ ನೀರು ಕುಡಿಯಬಾರದು. ಇದನ್ನು ಮನೆಯಲ್ಲೇ ನೋಡಬಹುದು. ಚೆನ್ನಾಗಿ ಒಣಗಿದ ಕಲ್ಲನ್ನು ತೂಗಿ, ಒಂದು ದಿನ ನೀರಲ್ಲಿ ಮುಳುಗಿಸಿ, ಒರೆಸಿ ಮತ್ತೆ ತೂಗಿ. 20 ಕಿಲೋದ ಕಲ್ಲು 22.4 ಕಿಲೋ ದಾಟಿದರೆ ಆ ಲೋಡು ಬೇಡ.

ಕೊರತೆಗಳೂ ಇವೆ. ಈಗ ಫ್ಯಾಶನ್ ಎಂದು ಸಾರಣೆ ಮಾಡದೆ ಬಿಟ್ಟ ಪಡುವಣ ಗೋಡೆ ಎರಡೇ ಮಳೆಗಾಲಕ್ಕೆ ಪಾಚಿ ಕಟ್ಟಿ ಕಪ್ಪಾಗುತ್ತದೆ. ಸಂದಿಯಲ್ಲಿ ನೀರು ಒಳಗೆ ಬರುತ್ತದೆ. ಮಾಡನ್ನು ಹೊರಕ್ಕೆ ಚಾಚದೆ ಕೆಂಪುಕಲ್ಲನ್ನು ಬೋಳಾಗಿ ಬಿಡುವುದು ಚಂದಕ್ಕೆ ಮಾಡುವ ಕೆಲಸ ಅಷ್ಟೇ. ಇನ್ನು ಕಲ್ಲು ಸಿಗುವುದೇ ಕಷ್ಟವಾಗುವ ಕಾಲವೂ ಇದೆ. 2025ರಲ್ಲಿ ದಕ್ಷಿಣ ಕನ್ನಡದಲ್ಲಿ ಕೋರೆಗಳು ನಿಂತು, ಕಲ್ಲಿಲ್ಲದೆ ಕಟ್ಟಡದ ಕೆಲಸವೂ ನಿಂತು, ಕೂಲಿಯವರು ಕಂಗಾಲಾದದ್ದು ಮರೆಯುವಂಥದ್ದಲ್ಲ. ಗುಡ್ಡ ಅಗೆದು ಬಿಟ್ಟ ಹೊಂಡಗಳನ್ನು ನೋಡಿದರೆ ಈ ಕಲ್ಲು ಎಷ್ಟು ದಿನ ಅಂತಲೂ ಅನಿಸುತ್ತದೆ. ಆದ್ದರಿಂದ ಹಳೆ ಮನೆ ಕೆಡವುವಲ್ಲಿ ಸಿಗುವ ಕಲ್ಲನ್ನು ವಿಚಾರಿಸಿ. ಗಾಳಿ ಮಳೆ ತಿಂದು ಗಟ್ಟಿಯಾದ ಕಲ್ಲು ಅದು.

ಮಣ್ಣು

ಸ್ವಂತ ಕೈಯಲ್ಲಿ ಕಟ್ಟಬೇಕು ಎಂಬ ಆಸೆ ಇರುವವರಿಗೆ ನಾನು ಹುಲ್ಲಿಗಿಂತ ಮೊದಲು ಇದನ್ನು ಹೇಳುತ್ತೇನೆ. ಹುಲ್ಲಿನ ಗೋಡೆಯಲ್ಲಿ ನಿಮಗೆ ಇಷ್ಟವಾದದ್ದು ದಪ್ಪ, ದುಂಡುಮೂಲೆ, ಕೈಯ ಗುರುತು ಉಳಿಯುವ ಸಾರಣೆ ಎಂದಾದರೆ ಅದೆಲ್ಲ ಮಣ್ಣಿನಲ್ಲೂ ಬರುತ್ತದೆ. ಬೈಹುಲ್ಲು ಕತ್ತರಿಸಿ ಮಣ್ಣಿಗೆ ಹಾಕಿ, ಕಾಲಲ್ಲಿ ತುಳಿದು ಹದ ಮಾಡಿ, ದಿನಕ್ಕೆ ಒಂದೊಂದೂವರೆ ಅಡಿಯಂತೆ ಗೋಡೆ ಏರಿಸುವ ಕೆಲಸ ಊರಿನ ಹಳಬರಿಗೆ ಹೊಸದಲ್ಲ. ನಿಧಾನ, ನಿಜ. ಬೇಸಗೆ ಪೂರ್ತಿ ಬೇಕು. ಆದರೆ ತಪ್ಪಾದ ಕಡೆ ಒಡೆದು ಅದೇ ಮಣ್ಣನ್ನು ಮತ್ತೆ ಕಲಸಬಹುದು. ಈ ಅನುಕೂಲ ಬೇರೆ ಯಾವುದರಲ್ಲೂ ಇಲ್ಲ.

ಅಷ್ಟು ಸಮಯ ಇಲ್ಲದವರಿಗೆ ಒತ್ತಿದ ಮಣ್ಣಿನ ಬ್ಲಾಕ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ, ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನದ ‘ಅಸ್ತ್ರ’ ಕೇಂದ್ರದವರು ವರ್ಷಗಟ್ಟಲೆ ಈ ಬ್ಲಾಕಿನ ಮೇಲೆ ಕೆಲಸ ಮಾಡಿದ್ದಾರೆ. ಜರಡಿ ಹಿಡಿದ ಮಣ್ಣಿಗೆ 5ರಿಂದ 7% ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಮೂರು ನಾಲ್ಕು ವಾರ ನೀರು ಹಾಕಿ ನೆನೆಸಿದರೆ ಬ್ಲಾಕ್ ತಯಾರು. ಸುಡುವ ಕೆಲಸ ಇಲ್ಲ. ನಮ್ಮ ಕೆಂಪು ಮಣ್ಣು ಒಣಗುವಾಗ ಹೆಚ್ಚು ಕುಗ್ಗುವುದಿಲ್ಲ, ಹಾಗಾಗಿ ಇದಕ್ಕೆ ಒಳ್ಳೆಯದು. ಇಳಿಜಾರು ಜಾಗ ಸಮ ಮಾಡುವಾಗ, ಪಂಚಾಂಗ (ಅಡಿಪಾಯ) ತೋಡುವಾಗ, ಬಾವಿ ತೆಗೆಯುವಾಗ ಬರುವ ಮಣ್ಣನ್ನು ಲೋಡುಗಟ್ಟಲೆ ಹೊರಗೆ ಹಾಕಿಸಲು ದುಡ್ಡು ಕೊಡುತ್ತೇವೆ. ಅದೇ ಗೋಡೆಯಾಗಬಹುದು.

ಒಂದು ಎಚ್ಚರಿಕೆ. ಮೇಲಿನ ಬೇರು, ಗೊಬ್ಬರ ಇರುವ ಮಣ್ಣು ಬೇಡ, ತೀರಾ ಕೆಳಗಿನ ಶೇಡಿಯೂ ಬೇಡ. ಶೇಡಿ ಒಣಗಿದ್ದಾಗ ಕಲ್ಲಿನ ಹಾಗೆ ನಿಲ್ಲುತ್ತದೆ, ನೀರು ಕುಡಿದರೆ ಬಲ ಬಿಡುತ್ತದೆ. ಮಳೆಗಾಲದಲ್ಲಿ ಗುಡ್ಡ ಕಡಿದ ಜಾಗಗಳು ಜರಿಯುವುದಕ್ಕೆ ಇದೂ ಒಂದು ಕಾರಣ. ನಿಮಗೆ ಬೇಕಾದದ್ದು ಇವೆರಡರ ನಡುವಿನ ಕೆಂಪು ಮಣ್ಣು.

ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜಿಗೋ ಪಿಲಿಕುಳದ ಗುತ್ತಿನ ಮನೆಗೋ ಒಮ್ಮೆ ಹೋಗಿ ಬನ್ನಿ. ಜುಲೈ ತಿಂಗಳಲ್ಲೇ ಹೋಗಿ. ಕೆತ್ತನೆಯ ಕಂಬ ಆಮೇಲೆ ನೋಡಿದರಾಯಿತು. ಮಾಡಿನ ಅಂಚು ಗೋಡೆಯಿಂದ ಎಷ್ಟು ಹೊರಗೆ ಬಂದಿದೆ, ಜಗಲಿ ಎಷ್ಟು ಅಗಲ, ನೀರು ಬೀಳುವ ಕಡೆಯಿಂದ ಪಂಚಾಂಗ ಎಷ್ಟು ಎತ್ತರ, ಇಷ್ಟನ್ನು ಅಳೆದುಕೊಂಡು ಬನ್ನಿ.

ಕಾಂಕ್ರೀಟ್ ಬ್ಲಾಕಿನ ಬಗ್ಗೆ ಹೇಳಲು ಹೆಚ್ಚಿಲ್ಲ. ಎಲ್ಲ ಕಡೆ ಸಿಗುತ್ತದೆ, ಬೇಗ ಏಳುತ್ತದೆ, ಬಿಸಿಲಿಗೆ ಕಾಯುತ್ತದೆ. ಒಳಗೆ ಗಾಳಿಗುಳ್ಳೆ ತುಂಬಿದ ಹಗುರದ ಎಎಸಿ ಬ್ಲಾಕ್ ಶಾಖ ತಡೆಯುವುದರಲ್ಲಿ ಇಟ್ಟಿಗೆಗೂ ಹುಲ್ಲಿಗೂ ನಡುವೆ ನಿಲ್ಲುತ್ತದೆ. ಏಸಿ ಕೋಣೆ ಬೇಕು, ತಲೆನೋವು ಬೇಡ ಎನ್ನುವವರಿಗೆ ಅದೇ ಸಾಕು.

ಖರ್ಚು ಅಡಗಿರುವುದು ಎಲ್ಲಿ?

ಹುಲ್ಲು ಅಗ್ಗ ಎನ್ನುತ್ತಾರೆ. ಒಳಗೆ 10 ಅಡಿಗೆ 12 ಅಡಿ ಇರುವ ಒಂದು ಕೋಣೆಯ ಲೆಕ್ಕ ಹಾಕೋಣ. ಒಳಗಿನ ಜಾಗ 120 ಚದರಡಿ. 9 ಇಂಚಿನ ಕೆಂಪುಕಲ್ಲಿನ ಗೋಡೆ ಕಟ್ಟಿದರೆ ಗೋಡೆಗೆ ಹೋಗುವ ಜಾಗ 35 ಚದರಡಿ. ಸಾರಣೆ ಸೇರಿ 20 ಇಂಚು ಆಗುವ ಹುಲ್ಲಿನ ಗೋಡೆಗೆ 84 ಚದರಡಿ. ಕಲ್ಲಿನ ಗೋಡೆಗೆ ಮಾಡನ್ನು ಎರಡೂವರೆ ಅಡಿ ಹೊರಗೆ ಚಾಚಿದರೆ ಸಾಕು. ಹುಲ್ಲಿಗೆ ಕಡಿಮೆ ಎಂದರೂ ನಾಲ್ಕು ಅಡಿ ಬೇಕು. ಇಳಿಜಾರು ಬಿಟ್ಟು ನೆಲದ ಮೇಲಿನ ಅಳತೆಯಲ್ಲೇ ಮಾಡು ಮೊದಲನೆಯದಕ್ಕೆ 305 ಚದರಡಿ, ಎರಡನೆಯದಕ್ಕೆ 498. ಒಂದೇ ಕೋಣೆ ಆದ ಕಾರಣ ಈ ವ್ಯತ್ಯಾಸ ಜಾಸ್ತಿ ಕಾಣುತ್ತದೆ, ದೊಡ್ಡ ಮನೆಯಲ್ಲಿ ಇಷ್ಟಿರುವುದಿಲ್ಲ. ಆದರೂ ಪಕ್ಕಾಸು, ರೀಪು, ಹಂಚು, ಪಂಚಾಂಗದ ಕಲ್ಲು, ಎಲ್ಲ ಸೇರಿ ಹುಲ್ಲಿನಲ್ಲಿ ಉಳಿಸಿದ್ದನ್ನು ನುಂಗುತ್ತವೆ. ಐದು ಸೆಂಟ್ಸ್ ಜಾಗ ಎಂದರೆ ಒಟ್ಟು 2,178 ಚದರಡಿ. ಅದರಲ್ಲಿ ಸುತ್ತ ಬಿಡಬೇಕಾದ್ದನ್ನು ಬಿಟ್ಟು ಇಷ್ಟು ದಪ್ಪ ಗೋಡೆ ಹಾಕಲು ಮನಸ್ಸು ಬರುವುದು ಕಷ್ಟ.

ಹುಲ್ಲು ಅಗ್ಗವಾಗುವುದು ಅದು ಬೇಡವಾದ ಊರಿನಲ್ಲಿ. ಇಲ್ಲಿ ಹುಲ್ಲಿನ ಮೇಲೆ ಮೊದಲ ಹಕ್ಕು ಹಟ್ಟಿಯಲ್ಲಿರುವ ದನದ್ದು. ಗದ್ದೆಗಳು ಹಡಿಲು (ಪಾಳು) ಬಿದ್ದ ಮೇಲೆ ಘಟ್ಟದ ಮೇಲಿನಿಂದ ಲಾರಿಯಲ್ಲಿ ಹುಲ್ಲು ತರಿಸುವ ಹೈನುಗಾರರು ಎಷ್ಟೋ ಮಂದಿ. ಅದರ ಮೇಲೆ, ಕಟಾವಿನ ನಂತರ ಟ್ರ್ಯಾಕ್ಟರಿಗೆ ಸಿಕ್ಕಿಸಿ ಓಡಿಸುವ ಯಂತ್ರಗಳಲ್ಲಿ ಹಲವು ಕಟ್ಟುವುದು ದುಂಡಗಿನ ರೋಲ್. ಗೋಡೆಗೆ ಬೇಕಾದದ್ದು ಚೌಕದ ಬೇಲ್. ಹುಲ್ಲಿನ ವ್ಯಾಪಾರ ಮಾತಾಡುವ ಮೊದಲು ಯಂತ್ರ ಯಾವುದು ಎಂದು ಕೇಳಿಕೊಳ್ಳಿ. ಸಾಲ ಮಾಡಿ ಕಟ್ಟುವವರು ಬ್ಯಾಂಕಿನ ಎಂಜಿನಿಯರಿಗೂ ಮೊದಲೇ ನಕ್ಷೆ ತೋರಿಸುವುದು ಒಳ್ಳೆಯದು. ಹುಲ್ಲು ಎಂದ ಕೂಡಲೇ ಅವರು ಕೇಳುವ ಪ್ರಶ್ನೆಗಳು ಜಾಸ್ತಿ.

ಒಂದು ಕೋಣೆ ಹುಲ್ಲಿನದೇ ಬೇಕು ಎಂದರೆ

ಮೊದಲು ಕಂಬ ಮತ್ತು ಮಾಡು, ಆಮೇಲೆ ಗೋಡೆ. ಗೋಡೆಯ ಮೇಲೆಯೇ ಮಾಡಿನ ಭಾರ ಹಾಕುವ ನೆಬ್ರಾಸ್ಕಾ ಪದ್ಧತಿ ಇಲ್ಲಿ ಬೇಡವೇ ಬೇಡ. ಮಾಡಿಲ್ಲದೆ ನಿಂತ ಹುಲ್ಲಿಗೆ ಏಪ್ರಿಲಿನ ಒಂದು ಗುಡುಗುಮಳೆ ಸಾಕು. ಪಂಚಾಂಗ ಎರಡೂವರೆ ಅಡಿಗೆ ಕಡಿಮೆ ಆಗಬಾರದು, ಕಾಡುಕಲ್ಲಿನದಾದರೆ ಇನ್ನೂ ಒಳ್ಳೆಯದು. ಗೆದ್ದಲಿಗೂ ಮಣ್ಣಿನ ತೇವಕ್ಕೂ ಮೊದಲ ತಡೆ ಅದೇ. ಬಚ್ಚಲು, ಅಡುಗೆಮನೆ ಈ ಗೋಡೆಗೆ ಅಂಟಿರಬಾರದು. ನೀರಿನ ಪೈಪು ಗೋಡೆಯೊಳಗೆ ಹೋಗಲೇಬಾರದು. ಪಡುವಣ ಮತ್ತು ತೆಂಕಣ ಬದಿಗೆ ಜಗಲಿ ಇರಲಿ, ಮಳೆಗಾಲದ ಗಾಳಿ ಬಡಿಯುವುದು ಆ ಕಡೆಯಿಂದ.

ಹುಲ್ಲು ಸುಗ್ಗಿ ಬೆಳೆಯದು ತೆಗೆದುಕೊಳ್ಳಿ. ಏಣೆಲಿನ (ಮಳೆಗಾಲದ ಮೊದಲ ಬೆಳೆಯ) ಕಟಾವು ಬರುವುದು ಹಿಂಗಾರಿನ ಹೊತ್ತಿಗೆ, ಆ ಹುಲ್ಲು ಒಮ್ಮೆಯಾದರೂ ನೆನೆದಿರುತ್ತದೆ. ಸುಗ್ಗಿ ಕೊಯ್ಲು ಜನವರಿ, ಫೆಬ್ರವರಿಯಲ್ಲಿ, ಒಣ ಗಾಳಿಯ ಕಾಲ. ಬೇಲ್‌ನೊಳಗೆ ಚುಚ್ಚಿ ತೇವ ನೋಡುವ ಉದ್ದ ಕಡ್ಡಿಯ ಮೀಟರು ಸಿಗುತ್ತದೆ. ಅದರಲ್ಲಿ 15%ಗಿಂತ ಕಡಿಮೆ ಬಂದರೆ ಮಾತ್ರ ಗೋಡೆಗೆ. ಮೇಲೆ ಹೇಳಿದ ಅಳತೆಯ ಕೋಣೆಗೆ ಮೂರಡಿ ಉದ್ದದ ಬೇಲ್ ನೂರ ಹತ್ತರ ಮೇಲೆ ಬೇಕು, ಸುಮಾರು ಎರಡು ಟನ್ ಹುಲ್ಲು.

ಸಾರಣೆ ಮಣ್ಣು ಮತ್ತು ಸುಣ್ಣದ್ದು. ಚಿಪ್ಪಿನ ಸುಣ್ಣ ಸಿಕ್ಕಿದರೆ ಒಳ್ಳೆಯದು. ಸಿಮೆಂಟಿನ ಸಾರಣೆ, ಪುಟ್ಟಿ, ಎಣ್ಣೆ ಬಣ್ಣ ಯಾವುದೂ ಬೇಡ. ಗಟ್ಟಿಯಾಗಲಿ ಎಂದು ಮೇಸ್ತ್ರಿ ಸಿಮೆಂಟು ಸೇರಿಸಲು ಬಂದರೆ ಕೈ ಹಿಡಿದು ನಿಲ್ಲಿಸಿ. ಒಳಹೊಕ್ಕ ತೇವ ಹೊರಗೆ ಹೋಗಲು ದಾರಿ ಇರಬೇಕು. ಏಸಿ ಕೋಣೆಯಲ್ಲಿ ಇದು ಇನ್ನೂ ಮುಖ್ಯ. ಹೊರಗಿನ ಬಿಸಿ, ಒದ್ದೆ ಗಾಳಿಯ ತೇವ ತಂಪಿರುವ ಒಳಬದಿಗೆ ನಡೆಯುತ್ತದೆ. ಅಲ್ಲಿ ಎಣ್ಣೆ ಬಣ್ಣ ಅಡ್ಡ ಇದ್ದರೆ ಸಾರಣೆಯ ಹಿಂದೆಯೇ ನೀರಾಗಿ ನಿಲ್ಲುತ್ತದೆ. ಏಸಿಯನ್ನು 18ಕ್ಕೆ ಇಳಿಸದೆ 26ರ ಹತ್ತಿರ ಇಟ್ಟರೆ ಕರೆಂಟು ಬಿಲ್ಲಿಗೂ ಒಳ್ಳೆಯದು, ಗೋಡೆಗೂ ಒಳ್ಳೆಯದು. ಸಾರಣೆಯ ಮೂರೂ ಪದರ ಪತ್ತನಾಜೆಯ (ಮೇ ಕೊನೆಯ ವಾರದ) ಒಳಗೆ ಒಣಗಿರಬೇಕು. ಅಂದರೆ ಗೋಡೆ ಪೇರಿಸುವುದು ಮಾರ್ಚಿಗೆ ಮುಗಿಯಬೇಕು.

ಇಷ್ಟಕ್ಕೆ ಇಳಿಯುವ ಒಂದು ವರ್ಷ ಮೊದಲು ಒಂದು ಸಣ್ಣ ಕೆಲಸ ಮಾಡಿ. ಹಟ್ಟಿಯ ಪಕ್ಕದಲ್ಲೋ ಕಟ್ಟಿಗೆ ಕೊಟ್ಟಿಗೆಯಲ್ಲೋ, ಮಾಡಿನ ಕೆಳಗೆ, ನಾಲ್ಕು ಕಲ್ಲಿನ ಮೇಲೆ ಐದಾರು ಬೇಲ್ ಪೇರಿಸಿ. ಸುತ್ತಲೂ ಮೇಲೂ ಸಾರಣೆ ಮಾಡಿ ಬಿಡಿ. ಒಂದು ಬದಿ ಪಡುವಣಕ್ಕೆ ಇರಲಿ. ಮೀಟರಿನ ಕಡ್ಡಿ ಹೋಗುವಷ್ಟು ಎರಡು ತೂತು ಇಟ್ಟು ಬಿರಡೆ ಹಾಕಿ, ಒಂದು ಕೆಳಗೆ, ಒಂದು ಪಡುವಣ ಬದಿಗೆ. ಜೂನ್‌ನಿಂದ ನವೆಂಬರ್ ತನಕ ವಾರಕ್ಕೊಮ್ಮೆ ಚುಚ್ಚಿ ನೋಡಿ ಬರೆದಿಡಿ. ಜುಲೈಯಲ್ಲಿ ಏರಿ ನವೆಂಬರಿಗೆ ಮತ್ತೆ 15ಕ್ಕೆ ಇಳಿದರೆ ಕೋಣೆಯ ಯೋಚನೆ ಮುಂದುವರಿಸಬಹುದು. 20 ದಾಟಿ ಅಲ್ಲೇ ನಿಂತರೆ, ಒಡೆದಾಗ ಬೂಸ್ಟಿನ ವಾಸನೆ ಬಂದರೆ, ಆ ಜಾಗಕ್ಕೆ ಮಣ್ಣಿನ ಬ್ಲಾಕ್ ಹಾಕಿ. ಬೂಸ್ಟು ಹಿಡಿದ ಹುಲ್ಲನ್ನು ದನಕ್ಕೆ ಹಾಕಬೇಡಿ, ತೆಂಗಿನ ಬುಡಕ್ಕೆ ಹಾಕಿ.